ಸೊಲ್ಲಾಪುರ–ವಾಡಿ: ಆಟಕ್ಕೊಂದು ರೈಲುಮಾರ್ಗ

ಜಾತ್ರೆಯಲ್ಲಿ ಕೊಂಡ ತಗಡಿನ ರೈಲಿಗೆ ಕೀಲಿ ಕೊಟ್ಟು ಓಡಿಸಿದ ತಲೆಮಾರು ನಮ್ಮದು. ಅದು ದುಂಡಗಿನ ಹಳಿಯ ಮೇಲೆ ಸುತ್ತುತ್ತಿತ್ತು. ಯಾವ ಊರನ್ನೂ ಮುಟ್ಟುತ್ತಿರಲಿಲ್ಲ. ಇಂದಿನ ಆಟದ ರೈಲು ಊರಿಂದ ಊರಿಗೆ ಹೋಗುತ್ತದೆ. ಗಣಕಯಂತ್ರದ ಪರದೆಯ ಮೇಲೆ ನಿಜವಾದ ಒಂದು ಮಾರ್ಗದ ನಿಲ್ದಾಣಗಳು, ಏರಿಳಿತಗಳು, ತಿರುವುಗಳು, ಸಿಗ್ನಲ್ಲುಗಳು ಇದ್ದಂತೆಯೇ ಮೂಡುತ್ತವೆ. ಆಡುವವನು ಚಾಲಕನ ಪೀಠದಲ್ಲಿ ಕುಳಿತು ವೇಳಾಪಟ್ಟಿಗೆ ಸರಿಯಾಗಿ ಗಾಡಿಯನ್ನು ನಡೆಸಬೇಕು. ಇದಕ್ಕೆ ಟ್ರೇನ್ ಸಿಮ್ಯುಲೇಟರ್ ಎಂದು ಹೆಸರು. ಕನ್ನಡದಲ್ಲಿ ಏನೆನ್ನೋಣ? 'ಅಣಕು ರೈಲು' ಎಂದರೆ ಗೇಲಿಯ ವಾಸನೆ ಬರುತ್ತದೆ. 'ಅನುಕರಣ ಶಕಟ' ಎಂದರೆ ನಮ್ಮ ಹಿರಿಯರ 'ಧೂಮಶಕಟ'ಕ್ಕೆ ಒದಗಿದ ಗತಿಯೇ ಅದಕ್ಕೂ ಒದಗೀತು. ಸಿಮ್ಯುಲೇಟರ್ ಎಂದೇ ಇರಲಿ. ಆದರೆ ಅವರು 'ರೂಟ್' ಎನ್ನುವುದನ್ನು ನಾನು 'ಮಾರ್ಗ' ಎಂದೇ ಕರೆಯುತ್ತೇನೆ. ಕಾಗಿಣಾ ತೀರದ ಮಳಖೇಡದಲ್ಲಿ 'ಕವಿರಾಜಮಾರ್ಗ' ಹುಟ್ಟಿದ ಸೀಮೆಯವನು ನಾನು. ಆ ಶಬ್ದವನ್ನು ಬಿಟ್ಟುಕೊಡಲಾರೆ.

ರೈಲ್ವೆ ಇಲಾಖೆ ತನ್ನ ಚಾಲಕರ ತರಬೇತಿಗೆ ಇಂಥ ಯಂತ್ರಗಳನ್ನು ಬಳಸುತ್ತದೆ. ಮನೆಯಲ್ಲಿ ಕುಳಿತು ಆಡುವ ಬಗೆಯದನ್ನು 2001ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಹೊರತಂದಾಗ ಅದರಲ್ಲಿ ಆರು ಮಾರ್ಗಗಳಿದ್ದವು: ಅಮೆರಿಕದವು, ಜಪಾನಿನವು, ಇಂಗ್ಲೆಂಡಿನದೊಂದು, ಆಸ್ಟ್ರಿಯದ್ದೊಂದು. ಭಾರತದ್ದು ಒಂದೂ ಇರಲಿಲ್ಲ. ಆಮೇಲೆ ನಮ್ಮ ದೇಶದ ಹವ್ಯಾಸಿ ತರುಣರು ಸಂಬಳವಿಲ್ಲದೆ, ರಾತ್ರಿ ಜಾಗರಣೆ ಮಾಡಿ, ನಮ್ಮ ಎಂಜಿನುಗಳನ್ನೂ ಹಳಿಗಳನ್ನೂ ಅದರೊಳಕ್ಕೆ ತಂದರು. ಹೊಸ ಮಾರ್ಗವೊಂದು ಬೇಕೆನ್ನುವವರು ಮೊದಲು ಒಂದು ಪ್ರಸ್ತಾವ ಬರೆಯುತ್ತಾರೆ: ಯಾವ ಮಾರ್ಗ, ಎಷ್ಟು ಉದ್ದ, ಯಾವ ಕಾಲದ್ದು, ಅದರ ಮೇಲೆ ಏನೇನು ಓಡುತ್ತದೆ, ಆಡುವವನಿಗೆ ಅದರಲ್ಲಿ ಕೆಲಸವೇನು?

ಕೆನಡಾದಲ್ಲಿರುವ ನನ್ನ ಮೊಮ್ಮಗ ಅಂಥದೊಂದನ್ನು ಬರೆದು ನನಗೆ ಕಳುಹಿಸಿದ್ದ. ಟೊರಾಂಟೊ ನಗರದಿಂದ ಮಿಲ್ಟನ್ ಎಂಬ ಊರಿಗೆ ಹೋಗುವ, ಸುಮಾರು 50 ಕಿ.ಮೀ. ಉದ್ದದ ಮಾರ್ಗ ಅದು. ಅಲ್ಲಿ 'ಗೋ' ಎಂಬ ಹೆಸರಿನ ಸಾರ್ವಜನಿಕ ರೈಲುಸೇವೆ 1967ರಲ್ಲಿ ಸರೋವರದ ದಂಡೆಯ ಮಾರ್ಗದಲ್ಲಿ ಆರಂಭವಾಯಿತು. ಮಿಲ್ಟನ್‌ಗೆ ಬಂದದ್ದು 1981ರಲ್ಲಿ. ಹಸಿರು-ಬಿಳಿ ಬಣ್ಣದ ಎರಡು ಅಂತಸ್ತಿನ ಗಾಡಿಗಳು ಬೆಳಿಗ್ಗೆ ನೌಕರರನ್ನು ನಗರಕ್ಕೆ ಒಯ್ದು ಸಂಜೆ ಹಿಂದಕ್ಕೆ ತರುತ್ತವೆ. ನಡುಹಗಲಿಗೆ ಗಾಡಿ ಏಕಿಲ್ಲವೆಂದರೆ, ಹಳಿಯ ಒಡೆತನ ಸರಕು ಸಾಗಿಸುವ ಖಾಸಗಿ ಕಂಪನಿಯದು. ಮನೆಯ ಯಜಮಾನ ಸರಕು, ಬಾಡಿಗೆದಾರ ಪ್ರಯಾಣಿಕ. ಒಂದೇ ಹಳಿಯ ಮೇಲೆ ಇವೆರಡರ ಸೆಣಸಾಟ ನಡೆಯುವುದರಿಂದಲೇ ಅದು ಆಟಕ್ಕೆ ಒಳ್ಳೆಯ ಮಾರ್ಗ ಎಂಬುದು ಆ ಹುಡುಗನ ವಾದ. ವಾದ ಸರಿಯಾಗಿಯೇ ಇದೆ. ಆದರೆ ಓದುತ್ತ ಓದುತ್ತ ನನ್ನ ಮನಸ್ಸು ನಮ್ಮ ಹಳಿಯ ಮೇಲೆ ಹೊರಟಿತು. ಸೊಲ್ಲಾಪುರದಿಂದ ಕಲಬುರಗಿಯ ಮೇಲೆ ವಾಡಿಗೆ ಹೋಗುವ 150 ಕಿ.ಮೀ. ಮಾರ್ಗವನ್ನು ಕುರಿತು ನಾನೂ ಒಂದು ಪ್ರಸ್ತಾವ ಬರೆದೆ.

ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿ 1860ರಲ್ಲಿ ಸೊಲ್ಲಾಪುರವನ್ನೂ 1871ರಲ್ಲಿ ರಾಯಚೂರನ್ನೂ ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಕವಲೊಡೆಯಿತು. ಸೊಲ್ಲಾಪುರ ಬಿಟ್ಟರೆ ಹೋಟಗಿ. ಅಲ್ಲಿಂದ ವಿಜಯಪುರ, ಗದಗಿನ ಕಡೆಗೆ ಇನ್ನೊಂದು ಹಳಿ. ಮುಂದೆ ಅಕ್ಕಲಕೋಟ ರೋಡ್, ದುಧನಿ. ಇಲ್ಲಿ ಡಬ್ಬಿಯೊಳಗಿನ ಮಾತು ಮರಾಠಿಯಿಂದ ಕನ್ನಡಕ್ಕೆ ಯಾವ ಕ್ಷಣದಲ್ಲಿ ಹೊರಳಿತೆಂದು ಹೇಳುವುದು ಕಷ್ಟ. ರಾಜ್ಯದ ಗಡಿ ನಕ್ಷೆಯಲ್ಲಿ ಇರುವಷ್ಟು ಸ್ಪಷ್ಟವಾಗಿ ನಾಲಗೆಯ ಮೇಲೆ ಇಲ್ಲ. ಆಮೇಲೆ ಗಾಣಗಾಪುರ ರೋಡ್, ಸಾವಳಗಿ, ಬಬಲಾದ, ಕಲಬುರಗಿ. ಅದರಾಚೆ ಮರತೂರು, ಶಹಾಬಾದ್, ಕಾಗಿಣಾ ಹೊಳೆಯ ಸೇತುವೆ, ವಾಡಿ.

ಘಾಟಿಲ್ಲದ, ಸುರಂಗವಿಲ್ಲದ ಈ ಬಯಲಲ್ಲಿ ಆಡುವುದೇನು ಎಂದು ಕೇಳುವವರಿದ್ದಾರೆ. ಬೋರ್ ಘಾಟಿನ ಏರನ್ನು ಯಾರು ಬೇಕಾದರೂ ಕಣ್ಣಿನಿಂದ ಕಾಣಬಹುದು. ನಮ್ಮ ಎರೆಭೂಮಿಯ ಏರಿಳಿತ ಕಣ್ಣಿಗೆ ಕಾಣದು. ಆದರೆ ಸರಕುಗಾಡಿಗೆ ತಿಳಿಯುತ್ತದೆ. ಕಲ್ಲಿದ್ದಲು ತುಂಬಿದ ತೆರೆದ ವ್ಯಾಗನ್ನುಗಳು 58ರಷ್ಟು ಒಂದರ ಹಿಂದೊಂದು ಜೋಡಿಸಿದಾಗ ಅವುಗಳ ತೂಕ 4,700 ಟನ್ನಿನ ಸುಮಾರಾಗುತ್ತದೆ. ಚಾಲಕ ಬ್ರೇಕು ಹಾಕಿದನೆಂದರೆ ಕೊಳವೆಯೊಳಗಿನ ಗಾಳಿಯ ಒತ್ತಡ ಇಳಿಯುತ್ತ ಇಳಿಯುತ್ತ ಕೊನೆಯ ವ್ಯಾಗನ್ನನ್ನು ತಲುಪಲು ಸಮಯ ಹಿಡಿಯುತ್ತದೆ. ಮುಂದಿನವು ತಡೆದು, ಹಿಂದಿನವು ಇನ್ನೂ ನುಗ್ಗುತ್ತಿರುವ ಆ ನಡುಗಾಲದಲ್ಲಿ ಕೊಂಡಿಗಳ ಮೇಲೆ ಬೀಳುವ ಎಳೆದಾಟವನ್ನು ಮೊದಲೇ ಊಹಿಸಿ ಗಾಡಿ ನಡೆಸಬೇಕು. ವಾಡಿ, ಶಹಾಬಾದಿನ ಸುತ್ತ ಸುಣ್ಣಕಲ್ಲಿನ ನೆಲ. ಆದ್ದರಿಂದಲೇ ಅಲ್ಲಿ ಸಿಮೆಂಟಿನ ಕಾರ್ಖಾನೆಗಳು. ಚೀಲದ ಸಿಮೆಂಟು ಮಳೆಯಲ್ಲಿ ನೆನೆಯಕೂಡದು. ಅದಕ್ಕೆ ಮುಚ್ಚಿದ ವ್ಯಾಗನ್ನು. ಕಲ್ಲಿದ್ದಲಿಗೆ ಆ ಹಂಗಿಲ್ಲ. ಆಟದಲ್ಲಿ ಇವೆರಡು ಅದಲುಬದಲಾದರೆ ನಮ್ಮ ಕಡೆಯ ಹುಡುಗರು ನಕ್ಕುಬಿಡುತ್ತಾರೆ. ಹಳಿಯ ಅಗಲವೂ ಅಷ್ಟೆ: ಕೆನಡಾದಲ್ಲಿ 1,435 ಮಿ.ಮೀ., ನಮ್ಮಲ್ಲಿ 1,676. ಅಲ್ಲಿಯ ಹಳಿಯನ್ನೇ ತಂದು ಇಲ್ಲಿ ಹಾಸಿದರೆ ನಮ್ಮ ಡಬ್ಬಿ ಕುರ್ಚಿಯ ಮೇಲೆ ಕುಳಿತ ಆನೆಯಂತೆ ಕಾಣುತ್ತದೆ.

ಕಾಲವನ್ನು ನಿಶ್ಚಯಿಸುವುದು ಇನ್ನೂ ಕಷ್ಟದ ಕೆಲಸ. ಕಾವ್ಯದಲ್ಲಿ ಕಾಲದೋಷವನ್ನು ಎತ್ತಿ ತೋರಿಸುವುದು ನಮ್ಮಂಥ ಮೇಷ್ಟ್ರುಗಳ ಹಳೆಯ ಚಟ. ಇಲ್ಲಿ ಅದು ಉಪಯೋಗಕ್ಕೆ ಬಂತು. 2024ರ ಮಾರ್ಚಿನಲ್ಲಿ ಆರಂಭವಾದ ಕಲಬುರಗಿ–ಬೆಂಗಳೂರು ವಂದೇ ಭಾರತ್ ಗಾಡಿಯನ್ನು ತೋರಿಸಿದರೆ ಮೇಲೆ 25,000 ವೋಲ್ಟಿನ ವಿದ್ಯುತ್ ತಂತಿಯೂ ಕೆಳಗೆ ಜೋಡಿ ಹಳಿಯೂ ಇರಲೇಬೇಕು. ಉಗಿ ಎಂಜಿನ್ ಬೇಕೆಂದರೆ ತಂತಿ ತೆಗೆಯಬೇಕು, ಹಳಿ ಒಂಟಿಯಾಗಬೇಕು, ಸಣ್ಣ ನಿಲ್ದಾಣದಲ್ಲಿ ಎದುರು ಗಾಡಿಗಾಗಿ ಕಾಯಬೇಕು. ನಾನು ಇಂದಿನ ಕಾಲವನ್ನೇ ಆರಿಸಿದೆ. ತೊಗರಿ ಹೂಬಿಟ್ಟು ಹೊಲಗಳು ಹಳದಿಯಾಗುವ ಋತುವನ್ನು ಹೇಳಿದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆತಿದೆ. ಯಂತ್ರದೊಳಗೆ ಸಿದ್ಧವಾಗಿರುವ ಗೋದಿಯ ಹೊಲವನ್ನು ಹಾಸಿ ಮುಗಿಸುವಂತಿಲ್ಲ.

ಪ್ರಸ್ತಾವವನ್ನು ನಾಲ್ಕು ಮಂದಿಗೆ ತೋರಿಸಿದೆ. ಜೇವರ್ಗಿಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಓದಿ ಮುಗಿಸಿ, "ಸರ, ಆಟ ಅಂದಮ್ಯಾಲ ನಮ್ಮೂರಿಗೂ ಒಂದು ಹಳಿ ಹಾಕ್ರಿ. ಇಲ್ಲಾದರೂ ರೈಲು ಬರ್ಲಿ" ಎಂದರು. ನಗುತ್ತಲೇ ಹೇಳಿದ ಮಾತು. ಆದರೆ ನಗೆಯಲ್ಲಿ ಹಾರಿಸಿಬಿಡುವ ಮಾತಲ್ಲ. ಈ ಭಾಗದಲ್ಲಿ ರೈಲು ಓಡತೊಡಗಿ 150 ವರ್ಷ ಕಳೆದರೂ ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ಪಟ್ಟಣಗಳಿಗೆ ನಿಲ್ದಾಣವಿಲ್ಲ. ಆಳಂದದವರೂ ಜೇವರ್ಗಿಯವರೂ ಸುಮಾರು 40 ಕಿ.ಮೀ. ಬಸ್ಸಿನಲ್ಲಿ ಬಂದು ಕಲಬುರಗಿಯಲ್ಲಿ ರೈಲು ಹತ್ತಬೇಕು. 2017ರಲ್ಲಿ ತೆರೆದ ಬೀದರ–ಕಲಬುರಗಿ ಹೊಸ ಹಳಿ ಕಮಲಾಪುರ, ಹುಮನಾಬಾದಿನ ಕಡೆಗೆ ಹೋಯಿತು; ಆಳಂದ ಇನ್ನೊಂದು ದಿಕ್ಕಿಗೆ ಉಳಿಯಿತು. ಜೇವರ್ಗಿಗಂತೂ ನಡುವೆ ಭೀಮಾನದಿ. ರಸ್ತೆ ಕಟ್ಟಿಸಂಗಾವಿಯ ಸೇತುವೆಯ ಮೇಲೆ ಆ ನದಿಯನ್ನು ದಾಟುತ್ತದೆ. ರೈಲಿಗೂ ಅಂಥದೊಂದು ಸೇತುವೆ ಕಟ್ಟಬೇಕು.

ಗಣಕದಲ್ಲಿ ಸೇತುವೆ ಕಟ್ಟಲು ಒಂದು ಸಂಜೆ ಸಾಕು. ಭೂಸ್ವಾಧೀನವಿಲ್ಲ, ಅಂದಾಜುಪಟ್ಟಿಯಿಲ್ಲ, ದೆಹಲಿಗೆ ನಿಯೋಗ ಹೋಗಬೇಕಾಗಿಲ್ಲ. ಹಾಗಿದ್ದರೂ ನಾನು ಆ ಹಳಿಗಳನ್ನು ಸೇರಿಸಲಿಲ್ಲ. ಕಲ್ಪಿತ ಮಾರ್ಗಗಳನ್ನು ಕಟ್ಟುವವರು ಈ ಆಟದಲ್ಲಿ ಬೇಕಾದಷ್ಟಿದ್ದಾರೆ, ಅದು ತಪ್ಪಲ್ಲ, 'ಕಲ್ಪಿತ' ಎಂದು ಹೆಸರಿನಲ್ಲೇ ಹೇಳಿ ಬೇರೆಯಾಗಿ ಕಟ್ಟಲಿ. ನಿಜವೆಂದು ಹೆಸರಿಟ್ಟ ಮಾರ್ಗದಲ್ಲಿ ಜೇವರ್ಗಿಗೆ ನಿಲ್ದಾಣ ತೋರಿಸಿದರೆ, ದೂರದೇಶದಲ್ಲಿ ಕುಳಿತು ಆಡುವ ಹುಡುಗ ಅಲ್ಲಿ ರೈಲಿದೆ ಎಂದೇ ನಂಬುತ್ತಾನೆ. ಇಲ್ಲದ ಹಳಿಯನ್ನು ಬರೆದು, ಅದು ಇಲ್ಲವೆಂಬ ಸಂಗತಿಯನ್ನು ಅಳಿಸಿಹಾಕಿದಂತಾಗುತ್ತದೆ. ಕಾಯುತ್ತಿರುವವರಿಗೆ ನಾವು ಮಾಡುವ ಉಪಕಾರ ಇದಾಗಲಾರದು.

ಬದಲಾಗಿ ನಿಲ್ದಾಣದ ಹೊರಗಿನ ಅಂಗಳವನ್ನೂ ಪ್ರಸ್ತಾವದಲ್ಲಿ ಸೇರಿಸಿದೆ. ಇಂಥ ಆಟಗಳಲ್ಲಿ ಜಗತ್ತು ಪ್ಲಾಟ್‌ಫಾರ್ಮಿನ ಅಂಚಿಗೇ ಮುಗಿದುಹೋಗುತ್ತದೆ. ಅದರಾಚೆ ಹಸಿರು ಬಣ್ಣ ಬಳಿದ ಬಯಲು. ನಮ್ಮಲ್ಲಿ ಪ್ರಯಾಣದ ಅರ್ಧಭಾಗ ಅಲ್ಲಿಂದ ಶುರುವಾಗುತ್ತದೆ. ಗಾಣಗಾಪುರ ರೋಡಿನಲ್ಲಿ ಇಳಿದ ಭಕ್ತರು ದತ್ತಾತ್ರೇಯನ ದೇವಲ ಗಾಣಗಾಪುರಕ್ಕೆ ಇನ್ನೂ 20 ಕಿ.ಮೀ.ಗಳಷ್ಟು ಹೋಗಬೇಕು. ಆಳಂದ ತಾಲ್ಲೂಕಿನಲ್ಲಿ ಹುಟ್ಟಿದ ಅಮರ್ಜಾ ಹೊಳೆ ಈ ಹಳಿಯನ್ನು ಅಡ್ಡಹಾಯ್ದು, ಅದೇ ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ಆಳಂದದಿಂದ ಅಫಜಲಪುರ ತಾಲ್ಲೂಕಿಗೆ ನೀರಿಗೆ ನೇರದಾರಿ ಇದೆ, ರೈಲಿಗಿಲ್ಲ. ಭೂಸನೂರು, ಹವಳಗಾ ಸಕ್ಕರೆ ಕಾರ್ಖಾನೆಗಳಿಗೆ ಹೋಗುವ ಕಬ್ಬು ಟ್ರ್ಯಾಕ್ಟರಿನ ಮೇಲೆಯೇ ಹೋಗುತ್ತದೆ. ರೈಲ್ವೆ ಗೇಟು ಮುಚ್ಚಿದಾಗ ಸಿಮೆಂಟಿನ ಗಾಡಿ ಹಾದುಹೋಗುವವರೆಗೆ ಸಾಲುಗಟ್ಟಿ ನಿಂತ ಬಸ್ಸು, ಟ್ರ್ಯಾಕ್ಟರುಗಳು ಚಾಲಕನ ಕಿಟಕಿಯಿಂದ ಕಾಣಬೇಕು ಎಂದು ಬರೆದಿದ್ದೇನೆ.

ಇಡೀ 150 ಕಿ.ಮೀ. ಒಮ್ಮೆಗೆ ಕಟ್ಟುವುದು ಹವ್ಯಾಸಿಗಳ ಕೈಯಲ್ಲಾಗದ ಕೆಲಸ. ಕಲಬುರಗಿಯಿಂದ ವಾಡಿಗೆ 37 ಕಿ.ಮೀ.; ಅಷ್ಟಕ್ಕೇ ಮೊದಲ ಕಂತನ್ನು ನಿಲ್ಲಿಸಿದರೆ ದುಡಿಮೆ ಕಡಿಮೆ, ಸಿಮೆಂಟಿನ ಸರಕೂ ಕೈತಪ್ಪುವುದಿಲ್ಲ ಎಂದು ತಿಳಿದವರು ಸಲಹೆ ಕೊಟ್ಟರು. ಹಾಗೆ ಮಾಡಿದರೆ ಗಾಣಗಾಪುರ ರೋಡ್ ಹೊರಗುಳಿಯುತ್ತದೆ. ಆದ್ದರಿಂದ ಮೊದಲ ಕಂತು ಗಾಣಗಾಪುರ ರೋಡಿನಿಂದ ವಾಡಿಯವರೆಗೆ ಎಂದು ತಿದ್ದಿದ್ದೇನೆ. ಈಗ ಬೇಕಾಗಿರುವುದು ಛಾಯಾಚಿತ್ರಗಳು: ಸಾವಳಗಿ, ಬಬಲಾದ ನಿಲ್ದಾಣಗಳ ಫಲಕ, ಕಟ್ಟಡ, ಬೆಂಚು, ಮರದ ನೆರಳು, ಕಾಗಿಣಾ ಸೇತುವೆಯ ಕಂಬಗಳು, ಗಾಣಗಾಪುರ ರೋಡಿನ ಹೊರಗೆ ಬಸ್ಸು ನಿಲ್ಲುವ ಜಾಗ. ಪ್ಯಾಸೆಂಜರ್ ಗಾಡಿಯಲ್ಲಿ ಹೋದರೆ ಎಲ್ಲವೂ ನಿಧಾನವಾಗಿ ಕಾಣುತ್ತವೆ. ಬಿಸಿಲೇರುವ ಮೊದಲೇ ಹೊರಡುವುದು ಒಳ್ಳೆಯದು.