ಕಛೇರಿಯಲ್ಲೇ ಅರಳಿದ ಗಿಟಾರ್: ರೋರಿ ಗ್ಯಾಲಗರ್

ಅಮೆರಿಕದ ಕಪ್ಪು ಜನರ ನೋವು, ದುಡಿಮೆಗಳ ಹಾಡಾಗಿ ಬೆಳೆದ ಬ್ಲೂಸ್ ಸಂಗೀತಕ್ಕೆ ಎಲೆಕ್ಟ್ರಿಕ್ ಗಿಟಾರ್ ಮತ್ತು ಡ್ರಮ್‌ಗಳ ಅಬ್ಬರ ಕೂಡಿ ರೂಪುಗೊಂಡ ಬ್ಲೂಸ್-ರಾಕ್ ಪ್ರಕಾರದಲ್ಲಿ ಐರ್ಲೆಂಡಿನ ರೋರಿ ಗ್ಯಾಲಗರ್ (1948–1995) ಅವರದು ಅಗ್ರಗಣ್ಯ ಹೆಸರು. ತಮ್ಮ 'ಟೇಸ್ಟ್' ತಂಡ ಒಡೆದ ಬಳಿಕ 1971ರಿಂದ ಸ್ವಂತ ಹೆಸರಿನಲ್ಲಿ ಧ್ವನಿಮುದ್ರಿಕೆಗಳನ್ನು ಹೊರತಂದ ಅವರು, ಬಣ್ಣ ಸವೆದು ಒಳಗಿನ ಮರವೇ ಕಾಣುತ್ತಿದ್ದ 1961ರ ಫೆಂಡರ್ ಸ್ಟ್ರಾಟೊಕಾಸ್ಟರ್ ಗಿಟಾರಿಗೂ, ಬೆರಳಿಗೆ ತೊಟ್ಟ ಕೊಳವೆಯನ್ನು ತಂತಿಯ ಮೇಲೆ ಜಾರಿಸಿ ಸ್ವರವನ್ನು ಎಳೆಯುವ 'ಸ್ಲೈಡ್' ವಾದನಕ್ಕೂ ಹೆಸರಾದರು.

1974ರ ಜನವರಿಯಲ್ಲಿ, ಹಿಂಸಾಚಾರದಿಂದಾಗಿ ಅನೇಕ ಕಲಾವಿದರು ಬೆಲ್‌ಫಾಸ್ಟ್‌ನಿಂದ ದೂರವುಳಿದಿದ್ದ ಕಾಲದಲ್ಲಿ, ಅಲ್ಲಿಯೂ ಡಬ್ಲಿನ್, ಕಾರ್ಕ್ ನಗರಗಳಲ್ಲಿಯೂ ಅವರು ನಡೆಸಿದ ಕಛೇರಿಗಳಿಂದ 'ಐರಿಷ್ ಟೂರ್ '74' ಧ್ವನಿಮುದ್ರಿಕೆ ರೂಪುಗೊಂಡಿತು. ಸ್ಟುಡಿಯೋದಲ್ಲಿ ತಿದ್ದಿ ತೀಡಿದ ಮುದ್ರಣಕ್ಕೆ ದಕ್ಕದ, ಸಭಿಕರ ಉತ್ಸಾಹಕ್ಕೆ ಸ್ಪಂದಿಸುತ್ತ ಮನೋಧರ್ಮದಿಂದ ಬೆಳೆಯುವ ವಾದನ ಅದರಲ್ಲಿ ದಾಖಲಾಗಿರುವುದರಿಂದ, ಗ್ಯಾಲಗರ್ ಅವರ ಪ್ರತಿಭೆಯನ್ನು ಅರಿಯಬಯಸುವವರು ಮೊದಲು ಕೇಳಬೇಕಾದುದು ಆ ಮುದ್ರಿಕೆಯನ್ನೇ.