ನೀವು ಬಂದ ಮೇಲೆ ಅಲ್ಲಿ ಯಾರಿದ್ದಾರೆ?

ವೀಕ್ಷಕರೇ, ಇವತ್ತು ನನ್ನದೇ ಒಂದು ತಪ್ಪಿನಿಂದ ಮಾತು ಶುರು ಮಾಡ್ತೀನಿ.

ಮೊನ್ನೆ ನಮ್ಮ ಸ್ಟುಡಿಯೋಗೆ ಒಬ್ಬರು ಸಿಸ್ಟರ್ ಬಂದಿದ್ದರು. ನಮ್ಮ ಕರ್ನಾಟಕದವರೇ. ಇಲ್ಲಿ ಹದಿನೆಂಟು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದು, ಆಮೇಲೆ ಒಂದು ವರ್ಷ ರಜೆ ಹಾಕಿ, ಸ್ವಯಂಸೇವಕಿಯಾಗಿ ಟಾಂಜಾನಿಯಾದ ಒಂದು ಹಳ್ಳಿ ಆಸ್ಪತ್ರೆಗೆ ಹೋಗಿ ಬಂದವರು. ಪರದೆಯ ಕೆಳಗೆ ನಾವು ಹಾಕಿದ್ದ ಸಾಲು ಏನು ಗೊತ್ತಾ? 'ಆಫ್ರಿಕಾದಲ್ಲಿ ಕನ್ನಡತಿಯ ಸಾಹಸ!' ನನ್ನ ಮೊದಲ ಪ್ರಶ್ನೆಯೂ ಅದಕ್ಕೆ ತಕ್ಕ ಹಾಗೇ ಇತ್ತು: "ಒಟ್ಟು ಎಷ್ಟು ಹೆರಿಗೆ ಮಾಡಿಸಿದ್ರಿ ಮೇಡಂ?"

ಅವರು ಸ್ವಲ್ಪ ಯೋಚಿಸಿ ಹೇಳಿದರು: "ಮೊದಲನೇ ತಿಂಗಳು ಲೆಕ್ಕ ಇಡೋಕೂ ಆಗಲಿಲ್ಲ ಸರ್. ಕೊನೇ ತಿಂಗಳು ಒಂದೂ ಇಲ್ಲ."

"ಯಾಕೆ, ಹುಷಾರಿರಲಿಲ್ವಾ?" ಅಂದೆ. ಅವರು ನಕ್ಕರು. "ಅಲ್ಲ ಸರ್, ನಾನು ಹೋಗಿದ್ದೇ ಅದಕ್ಕೆ." ಅಷ್ಟರಲ್ಲಿ ಬ್ರೇಕ್ ಬಂತು. ಜಾಹೀರಾತು ಮುಗಿದ ಮೇಲೆ ನಾನು ಬೇರೆ ವಿಷಯಕ್ಕೆ ಹಾರಿದೆ. ಕಾರ್ಯಕ್ರಮ ಮುಗಿಸಿ ಕಾಫಿ ಕುಡಿಯುವಾಗ ಅವರು ಹೇಳಿದ್ದೇ ನಿಜವಾದ ಸುದ್ದಿ. ಅದನ್ನೇ ಇವತ್ತು ನಿಮ್ಮ ಮುಂದೆ ಇಡ್ತೀನಿ.

ಮೊದಲು ವಿಷಯ ಏನು ಅಂತ ನೋಡೋಣ. ಹುಟ್ಟುವ ಹತ್ತು ಮಕ್ಕಳಲ್ಲಿ ಸುಮಾರು ಒಂದಕ್ಕೆ ಉಸಿರು ಶುರುವಾಗಲು ಏನಾದರೂ ಒಂದು ಸಹಾಯ ಬೇಕು. ಬಹುಪಾಲು ಮಕ್ಕಳಿಗೆ ಮೈ ಚೆನ್ನಾಗಿ ಒರೆಸಿ, ಬೆಚ್ಚಗಿಟ್ಟು, ಬೆನ್ನು ಉಜ್ಜಿದರೆ ಸಾಕು. ಕೆಲವು ಮಕ್ಕಳಿಗೆ ಅಂಬು ಬ್ಯಾಗ್ ಬೇಕು. ಕೈಯಲ್ಲಿ ಒತ್ತಿದರೆ ಮಾಸ್ಕಿನ ಮೂಲಕ ಶ್ವಾಸಕೋಶಕ್ಕೆ ಗಾಳಿ ಹೋಗುವ ಸಣ್ಣ ಚೀಲ ಅದು. ಕರೆಂಟ್ ಬೇಡ, ದೊಡ್ಡ ಯಂತ್ರ ಬೇಡ. ಆದರೆ ಹುಟ್ಟಿದ ಒಂದು ನಿಮಿಷದೊಳಗೆ ಅದು ಶುರುವಾಗಬೇಕು. ಅದಕ್ಕೇ ಇದನ್ನು 'ಬಂಗಾರದ ನಿಮಿಷ' ಅಂತಾರೆ. ಅಮೆರಿಕದ ಮಕ್ಕಳ ವೈದ್ಯರ ಸಂಘ ಮತ್ತು ಅದರ ಜೊತೆಗಾರರು 2010ರಲ್ಲಿ ಇದಕ್ಕಾಗಿಯೇ 'ಹೆಲ್ಪಿಂಗ್ ಬೇಬೀಸ್ ಬ್ರೀದ್' ಎಂಬ ತರಬೇತಿಯನ್ನು ಶುರು ಮಾಡಿದರು. ಒಂದು ಬೊಂಬೆ, ಅದರೊಳಗೆ ನೀರು ತುಂಬಿದರೆ ಹಸುಗೂಸಿನಷ್ಟೇ ಭಾರ. ಕೈಯಲ್ಲಿ ಒತ್ತಿದರೆ ಹೊಕ್ಕುಳಬಳ್ಳಿಯಲ್ಲಿ ನಾಡಿ ಬಡಿಯುತ್ತೆ. ಗಾಳಿ ಸರಿಯಾಗಿ ಹೋದರೆ ಎದೆ ಏಳುತ್ತೆ.

ನಮ್ಮ ಸಿಸ್ಟರ್ ಹೋದದ್ದು ಇದನ್ನು ಕಲಿಸೋಕೆ. ಮೊದಲ ವಾರ ಇಡೀ ದಿನದ ತರಬೇತಿ. ಎಲ್ಲರೂ ಪಾಸು, ಎಲ್ಲರಿಗೂ ಸರ್ಟಿಫಿಕೇಟು, ಒಂದು ಗುಂಪು ಫೋಟೋ. ಮೂರನೇ ರಾತ್ರಿ ಒಂದು ಮಗು ಉಸಿರಿಲ್ಲದೆ ಹುಟ್ಟಿತು. ತರಬೇತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದ ಹುಡುಗಿ ಬ್ಯಾಗ್ ಕೈಗೆ ತಗೊಳ್ಳಲಿಲ್ಲ, ಇವರನ್ನು ಕರೆಯೋಕೆ ಓಡಿದಳು. ಬ್ಯಾಗ್ ಎಲ್ಲಿತ್ತು? ಬೀರುವಿನಲ್ಲಿ, ಬೀಗದೊಳಗೆ. ಬೆಲೆಬಾಳುವ ವಸ್ತು ಅಂತ ಭದ್ರವಾಗಿ ಇಟ್ಟಿದ್ದರು. ಇವರು ಓಡಿ ಬರುವಷ್ಟರಲ್ಲಿ ಐದು ನಿಮಿಷ ಕಳೆದಿತ್ತು. ಮಗು ಉಳಿಯಲಿಲ್ಲ.

"ಆ ಹುಡುಗಿಗೆ ಬೈಯೋಣ ಅನ್ನಿಸ್ತು ಸರ್. ಆಮೇಲೆ ಗೊತ್ತಾಯ್ತು, ತಪ್ಪು ನನ್ನದು" ಅಂದರು ಸಿಸ್ಟರ್.

ಇದು ಒಬ್ಬರ ಅನುಭವ ಮಾತ್ರ ಅಂದುಕೊಳ್ಳಬೇಡಿ. ಅದೇ ಟಾಂಜಾನಿಯಾದ ಹೇಡೊಮ್ ಎಂಬ ಗ್ರಾಮೀಣ ಆಸ್ಪತ್ರೆಯಲ್ಲಿ 2010ರಲ್ಲಿ ಒಂದು ದಿನದ ತರಬೇತಿ ಕೊಟ್ಟರು. ತಿಂಗಳುಗಳ ನಂತರ ಪರೀಕ್ಷೆ ಮಾಡಿದಾಗ ಬೊಂಬೆಯ ಮೇಲೆ ಹೆಚ್ಚಿನವರು ಚೆನ್ನಾಗಿ ಮಾಡಿದರು. ಆದರೆ ಹೆರಿಗೆ ಕೋಣೆಯಲ್ಲಿ, ನಿಜವಾದ ಮಗುವಿನ ಮುಂದೆ, ಹಳೇ ಅಭ್ಯಾಸವೇ ಮುಂದುವರಿದಿತ್ತು! ಆಮೇಲೆ ಅವರು ದಾರಿ ಬದಲಿಸಿದರು. ದೊಡ್ಡ ತರಗತಿಯ ಬದಲು ವಾರ್ಡಿನಲ್ಲೇ, ಆಗಾಗ, ಕೆಲವೇ ನಿಮಿಷಗಳ ಅಭ್ಯಾಸ. ಹುಟ್ಟಿದ 24 ಗಂಟೆಯೊಳಗಿನ ಸಾವು ಸಾವಿರಕ್ಕೆ ಸುಮಾರು 11 ಇದ್ದದ್ದು 7ರ ಹತ್ತಿರಕ್ಕೆ ಇಳಿಯಿತು. ಬೊಂಬೆ ಅದೇ, ಬ್ಯಾಗ್ ಅದೇ. ಬದಲಾದದ್ದು ಕಲಿಸುವ ರೀತಿ.

ಸಿಸ್ಟರ್ ಮಾಡಿದ್ದೂ ಇದನ್ನೇ. ಬೀರುವಿನ ಬೀಗ ತೆಗೆಸಿದರು, ಬ್ಯಾಗನ್ನು ಹೆರಿಗೆ ಮಂಚದ ಪಕ್ಕಕ್ಕೆ ತಂದರು. ಪ್ರತಿ ಶಿಫ್ಟ್ ಬದಲಾಗುವಾಗ ಐದು ನಿಮಿಷ ಬೊಂಬೆಯ ಅಭ್ಯಾಸ. ಅವರಿಗೆ ಬರುತ್ತಿದ್ದ ಸ್ವಾಹಿಲಿ ನಾಲ್ಕೇ ಮಾತು. ಅದೇ ಒಳ್ಳೆಯದಾಯಿತಂತೆ, ಭಾಷಣ ಬಿಟ್ಟು ಕೈ ಹಿಡಿದು ಕಲಿಸಬೇಕಾಯಿತು. ಆಮೇಲೆ ಅಭ್ಯಾಸ ಮಾಡಿಸುವ ಕೆಲಸವನ್ನು ಅದೇ ಓಡಿದ ಹುಡುಗಿಗೆ ಒಪ್ಪಿಸಿದರು. ಉಳಿದವರು ಅವಳನ್ನು 'ಮ್ವಾಲಿಮು' ಅಂತ ಕರೆಯೋಕೆ ಶುರು ಮಾಡಿದರು. ಅಂದರೆ ಮೇಷ್ಟ್ರು. ಟಾಂಜಾನಿಯಾದ ಜನ ತಮ್ಮ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಅವರನ್ನು ಕರೆಯುತ್ತಿದ್ದದ್ದೂ ಇದೇ ಹೆಸರಿನಿಂದ.

ಇನ್ನೊಂದು ರಾತ್ರಿ. ಮತ್ತೆ ಅಂಥದ್ದೇ ಮಗು. ಈ ಸಲ ಸಿಸ್ಟರ್ ಅಲ್ಲೇ ಇದ್ದರು. "ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೆ ಸರ್. ನನ್ನ ಸರ್ವೀಸಲ್ಲಿ ಅದಕ್ಕಿಂತ ಕಷ್ಟದ ಕೆಲಸ ಮಾಡಿಲ್ಲ. ಒಂದು ಹೆಜ್ಜೆ ದೂರದಲ್ಲಿದ್ದೆ, ತಪ್ಪಿದರೆ ಕೈ ಹಾಕ್ತಿದ್ದೆ. ಅವಳು ಒರೆಸಿದಳು, ಬೆನ್ನು ಉಜ್ಜಿದಳು, ಮಾಸ್ಕ್ ಇಟ್ಟಳು. ಎದೆ ಏಳಲಿಲ್ಲ. ತಲೆ ಸರಿ ಮಾಡಿ ಮತ್ತೆ ಇಟ್ಟಳು. ಎದ್ದಿತು." ಮಗು ಅತ್ತಿತು. ಅಲ್ಲಿ ನಿಂತಿದ್ದ ಇವರೂ ಅತ್ತರು.

ಆಫ್ರಿಕಾ ತಾನೇ, ನಮಗೇನು ಅಂತ ಕೇಳ್ತೀರಾ? ಇದೇ ತರಬೇತಿಯನ್ನು ನಮ್ಮ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಹಳ್ಳಿ ಮತ್ತು ಪಟ್ಟಣದ ಆಸ್ಪತ್ರೆಗಳಲ್ಲಿ ಸುಮಾರು 600 ಮಂದಿಗೆ ಕೊಟ್ಟರು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಸತ್ತೇ ಹುಟ್ಟಿದ ಮಕ್ಕಳ ಪ್ರಮಾಣ ನೂರಕ್ಕೆ 3ರಿಂದ 2.3ಕ್ಕೆ ಇಳಿದಿತ್ತು. ಇದರ ಅರ್ಥ ಏನು? 'ಸತ್ತೇ ಹುಟ್ಟಿತು' ಅಂತ ಬಟ್ಟೆ ಸುತ್ತಿ ಪಕ್ಕಕ್ಕಿಡುತ್ತಿದ್ದ ಕೆಲವು ಕೂಸುಗಳು ಸತ್ತಿರಲಿಲ್ಲ, ಉಸಿರಿಗಾಗಿ ಕಾಯುತ್ತಿದ್ದವು! ಹಾಗಂತ ಇದು ಮಂತ್ರದಂಡ ಅಲ್ಲ. ಅದೇ ಅಧ್ಯಯನದಲ್ಲಿ ಹುಟ್ಟಿದ ನಂತರದ ಸಾವಿನ ಪ್ರಮಾಣ ಕಡಿಮೆ ಆಗಿರಲಿಲ್ಲ. ಸೋಂಕು, ಕಡಿಮೆ ತೂಕ, ಇವಕ್ಕೆ ಮುಂದಿನ ಆರೈಕೆ ಬೇರೆಯೇ ಬೇಕು.

ಕೈಯಿಂದ ಕೈಗೆ ವಿದ್ಯೆ ದಾಟಿಸೋದು ನಮಗೆ ಹೊಸದಲ್ಲ. 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮ ಶಾಲೆಗೆ ಹೋದವರಲ್ಲ. ಅಜ್ಜಿಯ ಪಕ್ಕದಲ್ಲಿ ನಿಂತು ಕಲಿತವರು. ಅಜ್ಜಿ ಎಲ್ಲವನ್ನೂ ತಾನೇ ಮಾಡಿ ಮುಗಿಸಿದ್ದರೆ ನಮಗೆ ನರಸಮ್ಮ ಸಿಗ್ತಿದ್ದರಾ?

ಹೊರಗಿನಿಂದ ಬಂದವರು ಒಂದು ದಿನ ಹೋಗಲೇಬೇಕು. ವೀಸಾ ಮುಗಿಯುತ್ತೆ, ರಜೆ ಮುಗಿಯುತ್ತೆ. ಮರುದಿನ ಬೆಳಗಿನ ಜಾವ ಮೂರು ಗಂಟೆಗೆ ಇನ್ನೊಂದು ಮಗು ಹುಟ್ಟುತ್ತೆ. ಆಗ ಬ್ಯಾಗ್ ಹಿಡಿಯುವ ಕೈ ಅದೇ ಊರಿನದ್ದಾಗಿರಬೇಕು.

ವೀಕ್ಷಕರೇ, ಸೇವೆ ಮಾಡಿ ಬಂದವರನ್ನು 'ಎಷ್ಟು ಜನರನ್ನು ಉಳಿಸಿದ್ರಿ' ಅಂತ ನಾನು ಇನ್ನು ಮೊದಲು ಕೇಳಲ್ಲ. 'ನೀವು ಬಂದ ಮೇಲೆ ಅಲ್ಲಿ ಯಾರಿದ್ದಾರೆ' ಅಂತ ಕೇಳ್ತೀನಿ. ಉತ್ತರ ಮುಗಿಯುವವರೆಗೂ ಬ್ರೇಕ್ ತಗೊಳ್ಳಲ್ಲ.