ಹೆದರಿದವರೇ ಸಾರಿದರು

ಧೈರ್ಯವಂತರ ಕಥೆ ಕಟ್ಟಬೇಕೆಂದಿದ್ದವರು ಮಾರ್ಕನ ಸುವಾರ್ತೆಯನ್ನು ಹೀಗೆ ಮುಗಿಸುತ್ತಿರಲಿಲ್ಲ. 4ನೇ ಶತಮಾನದ ಸೈನಾಯ್ ಮತ್ತು ವ್ಯಾಟಿಕನ್ ಗ್ರೀಕ್ ಹಸ್ತಪ್ರತಿಗಳಲ್ಲಿ ಅದು 16ನೇ ಅಧ್ಯಾಯದ 8ನೇ ವಚನಕ್ಕೇ ನಿಂತುಬಿಡುತ್ತದೆ: ಬರಿದಾದ ಸಮಾಧಿ ಕಂಡ ಹೆಂಗಸರು ನಡುಗುತ್ತಾ ಓಡುತ್ತಾರೆ, ಭಯದಿಂದ ಯಾರಿಗೂ ಏನೂ ಹೇಳುವುದಿಲ್ಲ. ಗಂಡಸರ ಪಾಡು ಇನ್ನೂ ನಾಚಿಕೆಗೇಡು. ಯೇಸುವನ್ನು ಹಿಡಿದ ರಾತ್ರಿ ಶಿಷ್ಯರೆಲ್ಲ ಪರಾರಿ. ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸುತ್ತಿದ್ದ ಪೇತ್ರ, ಒಬ್ಬ ದಾಸಿಯ ಮಾತಿಗೇ ಬೆದರಿ, ಆತ ಯಾರೋ ಗೊತ್ತಿಲ್ಲ ಎಂದುಬಿಟ್ಟ. ಕೆಲವೇ ವಾರಗಳಲ್ಲಿ ಅದೇ ಪೇತ್ರ ಯೆರೂಸಲೇಮಿನಲ್ಲಿ ಜನಜಂಗುಳಿಯ ಮುಂದೆ ನಿಂತು ಸಾರಿದ ಎನ್ನುತ್ತದೆ ಅಪೊಸ್ತಲರ ಕೃತ್ಯಗಳು.

ಇದೆಲ್ಲ ಆಮೇಲೆ ಹೆಣೆದದ್ದು ಎನ್ನಬಹುದು. ಆದರೆ ತಮ್ಮ ನಾಯಕನನ್ನೇ ಪುಕ್ಕಲನಾಗಿ ತೋರಿಸುವ ಕಥೆಯನ್ನು ಯಾರು ಬೇಕೆಂದು ಹೆಣೆಯುತ್ತಾರೆ? ಶಿಷ್ಯರು ತಾವು ಸಾರಿದ್ದಕ್ಕಾಗಿ ಸಾಯಲು ಸಿದ್ಧರಾದ ಮಾತ್ರಕ್ಕೆ ಅವರು ನಂಬಿದ್ದು ನಿಜವಾದೀತೇ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಆಗಲಾರದು, ಒಪ್ಪೋಣ, ಅವರು ಮನಸಾರೆ ನಂಬಿದ್ದರು ಎಂಬುದಷ್ಟೇ ಅದರಿಂದ ಸಿದ್ಧ. ನನಗೆ ಮುಖ್ಯವೆನಿಸುವುದು ಬೇರೆ: ಭಯ ಒಮ್ಮೆಲೇ ತೊಲಗಲಿಲ್ಲ. ಪೌಲ ಗಲಾತ್ಯದವರಿಗೆ ಬರೆದ ಪತ್ರ ನೋಡಿ. ಎಷ್ಟೋ ವರ್ಷಗಳ ಮೇಲೆ ಅಂತಿಯೋಕ್ಯದಲ್ಲಿ, ಯೆರೂಸಲೇಮಿನಿಂದ ಬಂದವರಿಗೆ ಹೆದರಿ, ಯೆಹೂದ್ಯರಲ್ಲದವರ ಪಂಕ್ತಿಯಿಂದ ಪೇತ್ರ ಮೆಲ್ಲಗೆ ಹಿಂದೆ ಸರಿದ. (ಪಂಕ್ತಿಭೇದ ನಮಗೇನೂ ಹೊಸದಲ್ಲ.) ಪೌಲ ಎಲ್ಲರೆದುರೇ ಅವನನ್ನು ತರಾಟೆಗೆ ತೆಗೆದುಕೊಂಡ. ಸಭೆ ಆ ಜಗಳವನ್ನು ಮುಚ್ಚಿಡಲಿಲ್ಲ, ಓದಲೆಂದೇ ಉಳಿಸಿಕೊಂಡಿತು. ಪೇತ್ರನೂ ಮೂಲೆ ಸೇರಲಿಲ್ಲ: ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲನೇ ಹೇಳುವಂತೆ, ಆತ ಹೆಂಡತಿಯನ್ನೂ ಕರೆದುಕೊಂಡು ಊರೂರು ಸುತ್ತುತ್ತಲೇ ಇದ್ದ.